ಅರಬೈಲು ಇಳಿದವರು, ಓ ರೂಜ್ ನೋಡಿದವರು

ಮಾತಾಡುವವರು ಇಬ್ಬರು. ಒಬ್ಬರು ಸಿರುಗುಪ್ಪದವರು. ಬಳ್ಳಾರಿಯ ಅದಿರು ಬಂದರಿಗೆ ಹರಿದ ವರ್ಷಗಳಲ್ಲಿ ಹತ್ತು ಗಾಲಿಯ ಲಾರಿ ಓಡಿಸಿ, ಈಗ ಅಕ್ಕಿ ಗಿರಣಿಗಳಿಗೆ ಗಾಡಿ ಬಿಟ್ಟುಕೊಂಡಿದ್ದಾರೆ. ಇನ್ನೊಬ್ಬ ಅವರ ಅಕ್ಕನ ಮಗ. ಕುರುಗೋಡಿನಲ್ಲಿ ಬೆಳೆದು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗ, ಫಾರ್ಮುಲಾ ಒನ್ ರೇಸ್ ಒಂದನ್ನೂ ಬಿಡದವನು. ಬಳ್ಳಾರಿಯಿಂದ ಕುರುಗೋಡಿಗೆ ಬಂದು, ಊಟ ಮುಗಿಸಿ, ಅಲ್ಲಿಂದ ಸಿರುಗುಪ್ಪದ ತನಕ ಇಬ್ಬರೂ ಕಾರಿನಲ್ಲಿ ಆಡಿದ ಮಾತನ್ನು, ಜಗಳದ ಭಾಗ ಕೊಂಚ ಕಡಿಮೆ ಮಾಡಿ, ಇಲ್ಲಿ ಕೊಟ್ಟಿದೆ.

ಅಳಿಯ: ಮಾಮ, ಗಾಡಿ ಓಡಿಸೋಕೆ ಜಗತ್ತಲ್ಲೇ ಕಷ್ಟದ ತಿರುವು ಯಾವುದು ಅಂತ ಕೇಳಿದ್ರೆ ಏನಂತೀರಿ?

ಮಾಮ: ನಮ್ಮ ಬಳ್ಳಾರಿ ರಾಯಲ್ ಸರ್ಕಲ್. ಸಂಜಿ ಆರು ಗಂಟೇಕ.

ಅಳಿಯ: ತಮಾಷೆ ಬಿಡಿ. ನಾನು ರೇಸ್ ಟ್ರ್ಯಾಕಿಂದು ಕೇಳ್ತಿದೀನಿ.

ಮಾಮ: ರೇಸ್ ಟ್ರ್ಯಾಕಿನ್ಯಾಗ ಏನು ಕಷ್ಟ ಐತಿ ಹೇಳು. ಎದುರಿಗೆ ಗಾಡಿ ಬರಲ್ಲ. ಎಮ್ಮಿ ಅಡ್ಡ ಬರಲ್ಲ. ಆಟೋದವ ಕೈ ಹೊರಗ ಹಾಕಿ ನಡುರಸ್ತೇಗೆ ನಿಲ್ಲಿಸಲ್ಲ. ಈ ಅಂಚಿನಿಂದ ಆ ಅಂಚಿನ ತನಕ ರಸ್ತೆ ಪೂರ್ತಿ ನಿಂದು. ಅದೂ ಅಲ್ದ ಅದೇ ತಿರುವು, ಐವತ್ತು ಸಲ, ಅರವತ್ತು ಸಲ. ಅಷ್ಟು ಸಲ ಸುತ್ತಿದ್ರ ಗಾಣದ ಎತ್ತೂ ಕಣ್ಣು ಕಟ್ಟಿಸ್ಕೊಂಡು ಹೊರಳತೈತಿ.

ಅಳಿಯ: ಅದೇ ತಿರುವು ಅನ್ನೋದಕ್ಕೇ ಕಷ್ಟ ಮಾಮ. ಗೊತ್ತಿಲ್ಲದ ತಿರುವಲ್ಲಿ ಯಾರಾದ್ರೂ ನಿಧಾನ ಮಾಡ್ತಾರೆ. ಗೊತ್ತಿರೋ ತಿರುವಲ್ಲಿ ಹೋದ ಸುತ್ತಿಗಿಂತ ಈ ಸುತ್ತು ಒಂದು ಮಾರು ತಡವಾಗಿ ಬ್ರೇಕ್ ಹಾಕೋಣ ಅನ್ಸುತ್ತೆ. ಪಕ್ಕದವನೂ ಅದನ್ನೇ ಮಾಡ್ತಿರ್ತಾನೆ. ಹೀಗೆ ಸರಿಸಿ ಸರಿಸಿ, ಟಯರಿನ ಹಿಡಿತ ಎಲ್ಲಿ ಮುಗಿಯುತ್ತೋ ಆ ಅಂಚಿಗೆ ಎಲ್ಲರೂ ಬಂದಿರ್ತಾರೆ. ಆಮೇಲೆ ಅರ್ಧ ಮಾರು ಆಚೆಗೆ ಹೋದ್ರೂ ಗಾಡಿ ಗೋಡೆಗೇ.

ಮಾಮ: ಅಂದ್ರ ತಿರುವು ಕಷ್ಟ ಅಲ್ಲ, ಇವರ ಅವಸರ ಕಷ್ಟ.

ಅಳಿಯ: ಅವಸರಕ್ಕೂ ಲೆಕ್ಕ ಇದೆ. ತಿರುವಲ್ಲಿ ಗಾಡೀನ ಹೊರಕ್ಕೆ ದಬ್ಬೋ ಬಲ ವೇಗದ ಜೊತೆ ಒಂದಕ್ಕೊಂದು ಏರಲ್ಲ. 20ರಲ್ಲಿ ಹೋಗ್ತಿದ್ದವನು 40ರಲ್ಲಿ ಹೋದ್ರೆ ದಬ್ಬೋದು ಎರಡು ಪಟ್ಟಲ್ಲ, ನಾಲ್ಕು ಪಟ್ಟು. 60ರಲ್ಲಿ ಹೋದ್ರೆ ಒಂಬತ್ತು ಪಟ್ಟು.

ಮಾಮ: ಆ ಲೆಕ್ಕ ನಮಗ ಯಾರೂ ಹೇಳಿಕೊಟ್ಟಿರಲಿಲ್ಲ, ಆದ್ರ ಸೊಂಟಕ್ಕ ಗೊತ್ತಿತ್ತು. ಸರಿ, ನಿನ್ನ ಕಷ್ಟದ ತಿರುವು ಯಾವುದು, ಅದನ್ನ ಹೇಳು.

ಅಳಿಯ: ಎಲ್ಲರೂ ಮೊದ್ಲು ಹೇಳೋದು ಬೆಲ್ಜಿಯಂನ ಸ್ಪಾ ಟ್ರ್ಯಾಕಿನ ಓ ರೂಜ್. ಏಳು ಕಿಲೋಮೀಟರ್ ಟ್ರ್ಯಾಕು, ಕಾಡಿನ ನಡುವೆ. ಮೊದಲ ತಿರುವು ದಾಟಿದ್ರೆ ಇಳಿಜಾರು, ತಳದಲ್ಲಿ ಒಂದು ಸಣ್ಣ ಹಳ್ಳ. ಓ ರೂಜ್ ಅಂದ್ರೆ ಆ ಹಳ್ಳದ ಹೆಸರೇ. ಹಳ್ಳದ ಹತ್ರ ಎಡಕ್ಕೆ ಒಂದು ಜಗ್ಗು, ಉಸಿರು ತಗೊಳ್ಳೋದರೊಳಗೆ ಬಲಕ್ಕೆ ಏರು, ನೆತ್ತಿ ಮೇಲೆ ಮತ್ತೆ ಎಡಕ್ಕೆ. ಆ ಏರಿಗೆ ರೈಡಿಯಾನ್ ಅಂತಾರೆ. ಸುಮಾರು 40 ಮೀಟರ್ ಎತ್ತರ ಹತ್ತಿಬಿಡುತ್ತೆ ಗಾಡಿ. ತಳದಲ್ಲಿ ಕಾರು ನೆಲಕ್ಕೆ ಒತ್ತಿಕೊಳ್ಳುತ್ತೆ, ಡ್ರೈವರ್ ಬೆನ್ನುಮೂಳೆ ಸೀಟಿಗೆ ಕುಸೀತದೆ. ನೆತ್ತಿಗೆ ಬಂದಾಗ ಅದೇ ಕಾರು ಹಗುರ ಆಗುತ್ತೆ, ಟಯರಿಗೆ ನೆಲದ ಮೇಲಿನ ಹಿಡಿತ ಸಡಿಲ ಆಗುತ್ತೆ. ಸ್ಟೇರಿಂಗ್ ತಿರುಗಿಸಬೇಕಾದ್ದು ಆ ಹಗುರಾದ ಹೊತ್ತಲ್ಲೇ. ಆಚೆ ಏನಿದೆ ಅಂತ ನೆತ್ತಿ ದಾಟೋ ತನಕ ಕಾಣಲ್ಲ.

ಮಾಮ: ಎಷ್ಟು ಸ್ಪೀಡು?

ಅಳಿಯ: ಈಗಿನ ಫಾರ್ಮುಲಾ ಒನ್ ಕಾರು ಒಣ ರಸ್ತೇಲಿ ಎಕ್ಸಲೇಟರಿಂದ ಕಾಲೇ ತೆಗೆಯಲ್ಲ. ಹೆಚ್ಚುಕಮ್ಮಿ 300.

ಮಾಮ: ಕಾಲೇ ತೆಗೆಯಲ್ಲ ಅಂದ್ಮ್ಯಾಲ ಕಷ್ಟ ಎಲ್ಲಿ ಉಳೀತಪ? ಅದು ನೆಟ್ಟನ ರಸ್ತೆ ಇದ್ದಂಗಾತು.

ಅಳಿಯ: ಆ ಕಾರಿಗೆ ಹಾಗೆ. ಅದರ ಮೈಮೇಲೆ ಹಾಯೋ ಗಾಳಿನೇ ಅದನ್ನ ನೆಲಕ್ಕೆ ಒತ್ತಿ ಹಿಡಿಯುತ್ತೆ. ಅದಕ್ಕಿಂತ ಸಣ್ಣ ಕಾರುಗಳಿಗೆ, ಮಳೆ ಬಂದ ದಿನ ಎಲ್ಲರಿಗೂ, ಅದು ಬೇರೇನೇ ತಿರುವು. 2019ರ ಆಗಸ್ಟ್ 31, ಫಾರ್ಮುಲಾ ಟೂ ರೇಸು. ನೆತ್ತಿ ಆಚೆ ಒಂದು ಕಾರು ಹಿಡಿತ ತಪ್ಪಿತು, ಅದನ್ನ ತಪ್ಪಿಸೋಕೆ ಹೋದ ಫ್ರಾನ್ಸಿನ ಆಂಟ್ವಾನ್ ಹ್ಯೂಬರ್ಟ್ ಗೋಡೆಗೆ ಬಡಿದು ಟ್ರ್ಯಾಕಿಗೇ ವಾಪಸ್ ಬಂದ. ಹಿಂದೆ ಬರ್ತಿದ್ದ ಹುವಾನ್ ಮ್ಯಾನ್ಯುವೆಲ್ ಕೊರಿಯಾ ಅನ್ನೋ ಹುಡುಗನ ಕಾರು ಅವನಿಗೆ ಅಡ್ಡ ಬಡೀತು. ಹ್ಯೂಬರ್ಟ್ ಉಳೀಲಿಲ್ಲ, 22 ವರ್ಷ. ಕೊರಿಯಾನ ಕಾಲು ಪುಡಿ ಆದವು. ಅದಾದ ಮೇಲೆ 2022ಕ್ಕೆ ಮುಂಚೆ ಆ ಜಾಗದ ಪಕ್ಕದ ಬಯಲನ್ನ ದೊಡ್ಡದು ಮಾಡಿದ್ರು.

ಮಾಮ: (ಸ್ವಲ್ಪ ಹೊತ್ತು ಬಿಟ್ಟು) ಎದುರಿಗೆ ಯಾರೂ ಬರಲ್ಲ ಅಂದಿದ್ದೆ. ಎದುರಿಗೆ ಅಲ್ಲ, ಬಿದ್ದವನ ಹಿಂದ ಬರೋವ್ರದ್ದು ಕಷ್ಟ ಅದು.

ಅಳಿಯ: ಇದೇ ಟ್ರ್ಯಾಕಲ್ಲಿ ನಮ್ಮದೊಂದು ಸಂತೋಷಾನೂ ಇದೆ. 2009ರಲ್ಲಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡದ ಫಿಸಿಕೆಲ್ಲಾ ಇಲ್ಲಿ ಮೊದಲ ಸಾಲಿನ ಮೊದಲ ಜಾಗದಿಂದ ಹೊರಟು ಎರಡನೇ ಸ್ಥಾನಕ್ಕೆ ಬಂದ. ಆ ತಂಡಕ್ಕೆ ಸಿಕ್ಕ ಮೊದಲ ಪಾಯಿಂಟುಗಳು ಅವು.

ಮಾಮ: ಮಲ್ಯಗ ಕಷ್ಟದ ತಿರುವು ಬ್ಯಾರೆ ಕಡಿ ಇತ್ತು ಬಿಡು.

ಅಳಿಯ: ಇನ್ನೊಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಗೂನಾ ಸೆಕಾ ಅಂತ ಟ್ರ್ಯಾಕು. ಅಲ್ಲಿನ ತಿರುವಿನ ಹೆಸರು ಕಾರ್ಕ್‌ಸ್ಕ್ರೂ. ಗುಡ್ಡ ಹತ್ತಿಕೊಂಡು ಬರ್ತೀವಿ, ತುದೀಲಿ ಬ್ರೇಕ್ ಒತ್ತಬೇಕು, ಎಡಕ್ಕೆ ಹೊರಳಬೇಕು. ಆದ್ರೆ ಎದುರಿಗೆ ರಸ್ತೆ ಇಲ್ಲ, ಆಕಾಶ ಇದೆ. ಹೊರಳಿದ ಮೇಲೆ ಕಾಲ ಕೆಳಗೆ ನೆಲ ಜಾರಿ ಹೋಗುತ್ತೆ. ಸುಮಾರು 140 ಮೀಟರ್ ಓಟದಲ್ಲಿ 18 ಮೀಟರ್ ಕೆಳಕ್ಕೆ. ಐದೂವರೆ ಅಂತಸ್ತಿನ ಮನೆ ಮೇಲಿಂದ ಇಳಿದ ಹಾಗೆ ಅಂತ ಅವರ ಲೆಕ್ಕ. ಇಳೀತಾ ಇಳೀತಾನೇ ಬಲಕ್ಕೆ. 2008ರಲ್ಲಿ ಮೋಟೋಜಿಪಿ ಬೈಕ್ ರೇಸಲ್ಲಿ ರೋಸಿ ಅನ್ನೋ ಸವಾರ ಇದೇ ಜಾಗದಲ್ಲಿ ಸ್ಟೋನರ್ ಅನ್ನೋ ಸವಾರನನ್ನ ಹಿಂದೆ ಹಾಕಿದ. ಬೈಕು ಟ್ರ್ಯಾಕ್ ಬಿಟ್ಟು ಮಣ್ಣಿಗಿಳಿದು ವಾಪಸ್ ಬಂತು. ಇಷ್ಟು ವರ್ಷ ಆದ್ರೂ ಅದರ ವಿಡಿಯೋ ನೋಡ್ತಾನೇ ಇರ್ತಾರೆ ಜನ.

ಮಾಮ: ಈಗ ಒಪ್ಪಿದೆ. ಕಾಣದ ಕಡಿಗೆ ಬ್ರೇಕ್ ಹಾಕೋದು ಅಂದ್ಯಲ್ಲ, ಅದು ಕಷ್ಟ. ಕಣ್ಣಿಗೆ ಬಿದ್ದ ತಿರುವು ಎಷ್ಟು ಕೊಂಕಿದ್ರೂ ದಾಟಬಹುದು. ಕಂಡ ಮ್ಯಾಲ ಬ್ರೇಕ್ ಒತ್ತಿದ್ರ ತಡ ಆಗೋ ತಿರುವು ಐತಲ್ಲ, ಅದು ಗಾಡಿ ಓಡಿಸೋವ್ನ ಪರೀಕ್ಷಿ. ನಿಮ್ಮ ಹುಡುಗರಿಗೆ ಸ್ಪಾ, ನಮಗ ಅರಬೈಲು.

ಅಳಿಯ: ಅರಬೈಲ್ ಘಟ್ಟ ನಾನು ಬಸ್ಸಲ್ಲಿ ಹೋಗಿದೀನಿ. ಅಂಥದ್ದೇನೂ ಅನ್ಸಲಿಲ್ಲ.

ಮಾಮ: ಬಸ್ಸಿನ್ಯಾಗ ಕಿಟಕಿ ಪಕ್ಕ ಕುಂತು ಘಾಟಿ ನೋಡೋದು ಬ್ಯಾರೆ, ಅದಿರು ತುಂಬಿದ ಗಾಡಿ ಇಳಿಸೋದು ಬ್ಯಾರೆ. ಆವಾಗ ಅದು ಎನ್‌ಎಚ್ 63. ಬಳ್ಳಾರಿ, ಹೊಸಪೇಟಿ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲ, ಬೇಲೆಕೇರಿ ಬಂದರು. ರಾತ್ರಿ ನಿಂತು ನೋಡಿದ್ರ ಕೆಂಪು ಲೈಟಿನ ಸಾಲು ಮುಗೀತಿರಲಿಲ್ಲ. ಗಾಡಿ ಮ್ಯಾಲ ಕೆಂಪು ಧೂಳು, ಹಣಿ ಮ್ಯಾಲ ಕೆಂಪು ಧೂಳು, ಉಗುಳಿದ್ರೂ ಕೆಂಪೇ. ಪರ್ಮಿಟ್ಟಿಗಿಂತ ಹೆಚ್ಚೇ ತುಂಬ್ತಿದ್ರು. ಟ್ರಿಪ್ಪಿಗೆ ಇಷ್ಟು ಅಂತ ಬಾಟಾ. ಬೇಗ ಇಳಿಸಿ ವಾಪಸ್ ಬಂದವನಿಗೆ ಇನ್ನೊಂದು ಟ್ರಿಪ್ಪು. ನಿನ್ನ ರೇಸಿನವ್ರಿಗೆ ಪಾಯಿಂಟು ಕೊಡ್ತಾರಲ್ಲ, ನಮಗ ಬಾಟಾ.

ಅಳಿಯ: ಘಾಟಿ ಇಳಿಯೋದು ಹೇಳಿ.

ಮಾಮ: ಇಳಿಯೋಕಿಂತ ಮೊದ್ಲು ನಿಲ್ಲಬೇಕು. ಘಾಟಿ ಶುರುವಾಗೋ ಮುಂಚೆ ಗಾಡಿ ಸೈಡಿಗೆ ಹಾಕಿ, ರಾಡು ತಗೊಂಡು ಹತ್ತೂ ಟಯರಿಗೆ ಒಂದೊಂದು ಏಟು. ಸಪ್ಪಳದಾಗ ಗಾಳಿ ಗೊತ್ತಾಗ್ತೈತಿ. ಏರ್ ಬ್ರೇಕಿನ ಮೀಟರ್ ತುಂಬೋ ತನಕ ಇಂಜಿನ್ ಬಿಟ್ಟು ಕಾಯಬೇಕು. ಆಮ್ಯಾಲ ಎರಡನೇ ಗೇರು. ಹತ್ತೋವಾಗ ಯಾವ ಗೇರ್ ಬೇಕಾಗ್ತೈತೋ ಇಳಿಯೋಕೂ ಅದೇ ಗೇರ್ ಅಂತ ನಮ್ಮ ಹಿರೇ ಡ್ರೈವರು ಮೊದಲನೇ ದಿನಾನೇ ಹೇಳಿದ್ದ. ಗಾಡಿ ಹಿಡಿಯೋದು ಇಂಜಿನ್ನು, ಬ್ರೇಕ್ ಅಲ್ಲ. ಬ್ರೇಕ್ ಅನ್ನೋದು ತಿರುವಿಗೆ ಮೊದ್ಲು ಒಂದು ಸಲ ಗಟ್ಟಿಯಾಗಿ ಒತ್ತಿ, ಬಿಡಬೇಕು. ತಿರುವಿನ ಒಳಗ ಕಾಲು ಬ್ರೇಕಿನ ಮ್ಯಾಲ ಇರಬಾರದು.

ಅಳಿಯ: ರೇಸ್ ಸ್ಕೂಲಲ್ಲಿ ಮೊದಲ ಪಾಠಾನೂ ಇದೇ. ಟಯರಿಗೆ ಇರೋ ಹಿಡಿತ ಒಂದೇ. ಅದನ್ನ ಬ್ರೇಕಿಗೆ ಕೊಟ್ಟರೆ ಹೊರಳೋಕೆ ಉಳಿಯಲ್ಲ. ಪಳಗಿದವರು ಬ್ರೇಕನ್ನ ಸ್ವಲ್ಪ ಸ್ವಲ್ಪವೇ ಬಿಡ್ತಾ ತಿರುವಿನ ಒಳಗೆ ಹೋಗ್ತಾರೆ, ಅದು ಆಮೇಲಿನ ಪಾಠ.

ಮಾಮ: ಲಾರಿಗೆ ಆ ಆಮ್ಯಾಲಿನ ಪಾಠ ಇಲ್ಲ. ಎಡಗಡೆ ಬಾಗಿಲು ಹಿಡಕೊಂಡು ಕ್ಲೀನರ್ ಹೊರಗ ಬಾಗಿರ್ತಾನ. ಕೆಳಗಿಂದ ಲೈಟ್ ಕಂಡ್ರ ಒಂದು ಬಡಿತ, ನಿಲ್ಲು ಅಂದ್ರ ಎರಡು ಬಡಿತ. ಏರೋ ಗಾಡಿಗೆ ದಾರಿ ಬಿಡಬೇಕು, ಯಾಕಂದ್ರ ಅವ ಅರ್ಧಕ್ಕ ನಿಂತ್ರ ಮತ್ತೆ ಎತ್ತೋದು ಕಷ್ಟ. ಮಳಿಗಾಲದಾಗ ಮಂಜು ಬಿದ್ದಿದ್ರ ಲೈಟೂ ಕಾಣಲ್ಲ, ಹಾರ್ನ್ ಅಷ್ಟ. ಎಷ್ಟೋ ತಿರುವು ಕಿವಿಯಿಂದ ತಗೊಂಡೀವಿ.

ಅಳಿಯ: ಹಾಗಾದ್ರೆ ಅಲ್ಲಿ ಯಾವ ತಿರುವು ಕಷ್ಟ? ಮೊದಲನೇದಾ?

ಮಾಮ: ಮೊದಲನೇದು ಎಲ್ಲರೂ ಹುಷಾರಾಗಿ ತಗೊಂತಾರ. ಘಾಟಿ ಮುಗೀತು ಅನ್ನೋ ಹೊತ್ತಿನಾಗ ಬರ್ತಾವಲ್ಲ, ಅವು. ಅಷ್ಟರಾಗ ಬ್ರೇಕ್ ಡ್ರಮ್ಮು ಕಾದಿರ್ತಾವು. ಮೊದ್ಲು ಲೈನರ್ ಸುಟ್ಟ ವಾಸನಿ ಬರ್ತೈತಿ, ಆಮ್ಯಾಲ ಗಾಲಿ ಹತ್ರ ಹೊಗಿ. ಪೆಡಲ್ ಒತ್ತಿದ್ರ ಕಾಲಿಗೆ ಗಟ್ಟಿ ಹತ್ತತೈತಿ, ಗಾಡಿ ಮಾತ್ರ ನಿಲ್ಲಲ್ಲ. ಹೆದರಿಕಿಗೆ ಪಟಪಟ ಒತ್ತಿದ್ರ ಮೀಟರಿನ ಮುಳ್ಳು ಕೆಳಗ ಬೀಳತೈತಿ, ಗಾಳೀನೂ ಖಾಲಿ. ಮ್ಯಾಲಿನ ತಿರುವಿನ್ಯಾಗ ಮಾಡಿದ ತಪ್ಪಿಗೆ ಕೆಳಗಿನ ತಿರುವಿನ್ಯಾಗ ದಂಡ ಕಟ್ಟೋದು. ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಹಾಕಿ ಇಳಿಸೋರು ಇರ್ತಿದ್ರಲ್ಲ, ಅವರೇ ಜಾಸ್ತಿ ಹೋದ್ರು.

(ಘಾಟಿಯ ಅಪಾಯ ಅದಿರಿನ ಜೊತೆ ಮುಗಿಯಲಿಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ತಡೆಯಿತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು, ಆ ಲಾರಿಗಳ ಸಾಲು ಕರಗಿತು. ಆದರೆ 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ವ್ಯಾಪಾರಿಗಳ ಲಾರಿ ಅರಬೈಲಿನ ಹತ್ತಿರ, ಗುಳ್ಳಾಪುರದ ಬಳಿ ಕಂದಕಕ್ಕೆ ಬಿದ್ದು 10 ಮಂದಿ ಸತ್ತರು. ರೇಸ್ ಟ್ರ್ಯಾಕಿನಲ್ಲಿ ಒಬ್ಬ ಸತ್ತರೆ ತಿರುವಿನ ಪಕ್ಕದ ಬಯಲು ಅಗಲವಾಗುತ್ತದೆ. ನಮ್ಮ ಘಾಟಿಗಳಲ್ಲಿ ಎಷ್ಟು ಜನ ಸತ್ತರೆ ಒಂದು ತಡೆಗೋಡೆ ಗಟ್ಟಿಯಾಗುತ್ತದೆ ಎಂದು ಕೇಳುವವರಿಲ್ಲ.)

ಅಳಿಯ: ನೀವು ಹೇಳಿದ ಕಾದ ಬ್ರೇಕಿನ ಕಥೆಗೆ ಹತ್ತಿರದ್ದು ಟರ್ಕಿ ದೇಶದ ಇಸ್ತಾಂಬುಲ್ ಟ್ರ್ಯಾಕಿನ 8ನೇ ತಿರುವು. ಅದು ನೋಡೋಕೆ ಕೊಂಕಲ್ಲ, ಉದ್ದ. ಎಡಕ್ಕೆ ಹೊರಳ್ತಾನೇ ಇರಬೇಕು. ಸಾಧಾರಣ ತಿರುವಿಗೆ ಒಳಅಂಚು ಮುಟ್ಟೋ ಜಾಗ ಒಂದು ಇರುತ್ತೆ, ಏಪೆಕ್ಸ್ ಅಂತಾರೆ. ಇದಕ್ಕೆ ನಾಲ್ಕು. 260 ಮೇಲಿನ ವೇಗದಲ್ಲಿ ಏಳೆಂಟು ಸೆಕೆಂಡ್ ಡ್ರೈವರ್ ಕುತ್ತಿಗೆ ಒಂದೇ ಕಡೆ ಜಗ್ಗಿರುತ್ತೆ. ಅಷ್ಟೂ ಹೊತ್ತು ಬಲಗಡೆ ಮುಂದಿನ ಟಯರ್ ಸಾಯ್ತಿರುತ್ತೆ. ರೇಸ್ ಶುರುವಲ್ಲಿ ಹೊಸ ಟಯರಿಗೆ ಅದು ಒಂಥರ, ಇಪ್ಪತ್ತು ಸುತ್ತು ಆದ ಮೇಲೆ ಅದೇ ತಿರುವು ಇನ್ನೊಂಥರ.

ಮಾಮ: ಇದು ತಿಳೀತು ನೋಡು. ತಿರುವು ಅಲ್ಲೇ ಇರ್ತೈತಿ, ಗಾಡಿ ಬದಲಾಗಿರ್ತೈತಿ. ಲೋಡೂ ಹಂಗ. ಅದಿರು ಭಾಳ ತೂಕ, ಆದ್ರ ಡಬ್ಬಿ ಒಳಗ ಮೊಣಕಾಲೆತ್ತರ ಅಷ್ಟ. ಭಾರ ಕೆಳಗ ಕುಂತಿರ್ತೈತಿ. ಗಾಡಿ ಬ್ರೇಕ್ ಹೋಗಿ ಸಾಯ್ತೈತಿ, ಮಗುಚೋದು ಕಮ್ಮಿ. ಇಲ್ಲಿ ಸಿರುಗುಪ್ಪದಾಗ ಭತ್ತದ ಹುಲ್ಲು ಹೇರಿಕೊಂಡು ಹೋಗ್ತಾವಲ್ಲ ಟ್ರ್ಯಾಕ್ಟರು, ಅದಕ್ಕ ತೂಕ ಏನಿಲ್ಲ, ಎತ್ತರ ನೋಡಿದ್ರ ಮನಿಯಷ್ಟು. ಅದನ್ನ ಕಾಲುವಿ ಸೇತುವಿ ಮುಂದ ಗಕ್ಕನ ಹೊರಳಿಸಿದ್ರ ಒಂದು ಕಡಿ ಗಾಲಿ ಎದ್ದು ಬರ್ತಾವು. ಒಂದೇ ತಿರುವು, ಅದಿರಿನ ಗಾಡಿಗೆ ಬ್ಯಾರೆ ಹೆದರಿಕಿ, ಹುಲ್ಲಿನ ಗಾಡಿಗೆ ಬ್ಯಾರೆ ಹೆದರಿಕಿ. ಹಂಗಾಗಿ ಯಾವುದು ಕಷ್ಟದ ತಿರುವು ಅಂತ ಕೇಳೋವ್ನು ಮೊದ್ಲು ಯಾವ ಗಾಡಿ ಅಂತ ಹೇಳಬೇಕು.

ಅಳಿಯ: ಎಲ್ಲ ಗಾಡಿಗೂ ಕಷ್ಟ ಅನ್ನೋದು ಒಂದಿದೆ. ಜರ್ಮನಿಯ ನೂರ್ಬುರ್ಗ್‌ರಿಂಗ್. ತಿರುವು ಅಲ್ಲ, ತಿರುವುಗಳ ಕಾಡು. 1927ರಲ್ಲಿ ತೆರೆದ ಟ್ರ್ಯಾಕು. ಅದರ ಉತ್ತರದ ಸುತ್ತು 20.8 ಕಿಲೋಮೀಟರ್, ಅಧಿಕೃತ ಲೆಕ್ಕದಲ್ಲಿ 73 ತಿರುವು, ಏರಿಳಿತ ಸುಮಾರು 300 ಮೀಟರ್. ಒಂದು ತುದೀಲಿ ಮಳೆ, ಇನ್ನೊಂದು ತುದೀಲಿ ಬಿಸಿಲು. ಮೂರು ಸಲ ವಿಶ್ವ ಚಾಂಪಿಯನ್ ಆದ ಜಾಕಿ ಸ್ಟೀವರ್ಟ್ ಅದನ್ನ ಹಸಿರು ನರಕ ಅಂತ ಕರೆದ. ಅಲ್ಲಿ ಕರುಸೆಲ್ ಅಂತ ಒಂದು ತಿರುವಿದೆ. ಮೊದಲು ಅದರ ಒಳಗಡೆ ನೀರು ಹರಿಯೋಕೆ ಬಿಟ್ಟ ಓರೆ ಚರಂಡಿ ಇತ್ತು. ಕ್ಯಾರಾಚೋಲಾ ಅನ್ನೋ ಡ್ರೈವರು ಒಳಗಿನ ಗಾಲಿನ ಆ ಚರಂಡಿಗೇ ಇಳಿಸಿ ಹೊರಳಿಸಿದ. ಓರೆ ಗೋಡೆ ಗಾಡೀನ ಹಿಡಕೊಳ್ತು. ಈಗ ಅದನ್ನ ಕಾಂಕ್ರೀಟ್ ಮಾಡಿದಾರೆ, ತಿರುವಿಗೆ ಅವನದೇ ಹೆಸರು.

ಮಾಮ: ಬುದ್ಧಿವಂತ. ಚರಂಡಿಗೆ ಗಾಲಿ ಇಳಿಸಿ ಉಳಿದ ಡ್ರೈವರ್ ನಮ್ಮ ಕಡಿ ಒಬ್ಬನೂ ಇಲ್ಲ.

ಅಳಿಯ: 1976ರ ಆಗಸ್ಟ್ 1ಕ್ಕೆ ಅದೇ ಟ್ರ್ಯಾಕಲ್ಲಿ ನಿಕಿ ಲೌಡಾನ ಫೆರಾರಿ ಬೆಂಕಿ ಹತ್ತಿ ಉರೀತು. ಟ್ರ್ಯಾಕ್ ಅಷ್ಟು ಉದ್ದ ಇದ್ದದ್ದಕ್ಕೆ ನೆರವು ಬೇಗ ತಲುಪಲಿಲ್ಲ. ಅವನನ್ನ ಎಳೆದವರು ಜೊತೆ ಓಡ್ತಿದ್ದ ಡ್ರೈವರುಗಳೇ, ತಮ್ಮ ಕಾರು ನಿಲ್ಲಿಸಿ ಬೆಂಕಿಗೆ ಕೈ ಹಾಕಿದ್ರು. ಲೌಡಾ ಆರು ವಾರಕ್ಕೆ ಇಟಲಿಯ ಮೊಂಜಾಗೆ ಬಂದು, ಗಾಯದ ಮೇಲೆ ಹೆಲ್ಮೆಟ್ ಹಾಕಿಕೊಂಡು, ನಾಲ್ಕನೇ ಸ್ಥಾನ ತಗೊಂಡ. ಫಾರ್ಮುಲಾ ಒನ್ ಮಾತ್ರ ಆ ಉದ್ದದ ಸುತ್ತಿಗೆ ಮತ್ತೆ ಹೋಗಲಿಲ್ಲ.

ಮಾಮ: ಘಾಟಿನ್ಯಾಗೂ ಹಂಗ. ಮೊದ್ಲು ಓಡಿ ಬರೋನು ಹಿಂದಿನ ಗಾಡಿ ಡ್ರೈವರೇ. ಯಾವ ಊರವ, ಯಾವ ಭಾಷೆಯವ ಅಂತ ನೋಡಲ್ಲ.

ಅಳಿಯ: ನೀವು ಮೊದ್ಲು ಟ್ರ್ಯಾಕಲ್ಲಿ ಅಡ್ಡ ಏನೂ ಇರಲ್ಲ ಅಂದ್ರಲ್ಲ. 2014ರಲ್ಲಿ ಜಪಾನಿನ ಸುಜುಕಾದಲ್ಲಿ ಮಳೆ. ಒಂದು ಕಾರು ತಿರುವು ಬಿಟ್ಟು ಹೊರಗೆ ಹೋಗಿತ್ತು, ಅದನ್ನ ಎತ್ತೋಕೆ ಕ್ರೇನು ಬಂದು ನಿಂತಿತ್ತು. ಮುಂದಿನ ಸುತ್ತಿಗೆ ಅದೇ ತಿರುವಲ್ಲಿ ಜೂಲ್ಸ್ ಬಿಯಾಂಕಿ ಜಾರಿ ಆ ಕ್ರೇನಿಗೇ ಬಡಿದ. ಮುಂದಿನ ವರ್ಷ ಜುಲೈಯಲ್ಲಿ ತೀರಿಕೊಂಡ. ಅದೇ ಟ್ರ್ಯಾಕಲ್ಲಿ 130ಆರ್ ಅಂತ ಹೆಸರುವಾಸಿ ತಿರುವಿದೆ, 130 ಮೀಟರ್ ತ್ರಿಜ್ಯ ಅಂತ ಆ ಹೆಸರು. 2005ರಲ್ಲಿ ಅಲೊನ್ಸೊ ಅಲ್ಲಿ ಹೊರಗಡೆಯಿಂದ ಹೋಗಿ ಶೂಮಾಕರನ್ನ ದಾಟಿದ. ಜನ ನೆನಪಿಟ್ಟಿರೋದು ಅದು. ಆದ್ರೆ ಬಿಯಾಂಕಿ ಬಿದ್ದದ್ದು ಅಷ್ಟು ಹೆಸರಿಲ್ಲದ ಏರಿನ ತಿರುವಲ್ಲಿ.

ಮಾಮ: ಹೆಸರಿಲ್ಲದ ತಿರುವೇ ಜಾಸ್ತಿ ತಿಂತಾವು. ಇಲ್ಲಿ ಕುರುಗೋಡು ಗುಡ್ಡದ ಬಂಡಿಗಲ್ಲಿನ ಪಕ್ಕ ರಸ್ತೆ ಹೊರಳತೈತಲ್ಲ, ಆಚಿಂದ ಏನು ಬರ್ತೈತಿ ಅಂತ ನೋಡಾಕ ಆ ಕಲ್ಲು ಬಿಡಲ್ಲ. ಘಾಟಿ ಅಂದ್ರ ಎಲ್ಲರೂ ಎದ್ದು ಕುಂದರ್ತಾರ, ಊರ ಮುಂದಿನ ತಿರುವಿಗೆ ಯಾರೂ ಹಾರ್ನ್ ಸೈತ ಹೊಡಿಯಲ್ಲ. ಅದಿರಲಿ, ನಮ್ಮ ದೇಶದಾಗ ಟ್ರ್ಯಾಕ್ ಇಲ್ಲೇನು?

ಅಳಿಯ: ಇವೆ. ದಿಲ್ಲಿ ಪಕ್ಕ ಗ್ರೇಟರ್ ನೋಯ್ಡಾದಲ್ಲಿ ಬುದ್ಧ ಇಂಟರ್‌ನ್ಯಾಷನಲ್ ಸರ್ಕಿಟ್. 2011, 2012, 2013, ಮೂರು ವರ್ಷ ಫಾರ್ಮುಲಾ ಒನ್ ನಡೀತು, ಮೂರನ್ನೂ ಗೆದ್ದದ್ದು ವೆಟ್ಟಲ್. ಆಮೇಲೆ ಆ ರೇಸ್ ನಿಂತೇಹೋಯ್ತು. 2023ರಲ್ಲಿ ಮೋಟೋಜಿಪಿ ಬೈಕ್ ರೇಸ್ ಒಂದು ನಡೀತು. ಅಲ್ಲಿನ 3ನೇ ತಿರುವು ಏರಿನ ಮೇಲೆ, ನಿಧಾನದ್ದು. ಅದರ ಮುಂದೆ ಒಂದು ಕಿಲೋಮೀಟರಿಗೂ ಉದ್ದದ ನೆಟ್ಟನೆ ಓಟ. ಅಂಥ ಕಡೆ ಒಳಗೆ ಜೋರಾಗಿ ನುಗ್ಗೋದಲ್ಲ ಜಾಣತನ. ಸ್ವಲ್ಪ ತಡವಾಗಿ ಒಳಅಂಚು ಮುಟ್ಟಿ, ಗಾಡಿ ನೆಟ್ಟಗಾದ ಕೂಡಲೇ ಎಕ್ಸಲೇಟರ್ ಒತ್ತಬೇಕು. ಹೊರಗೆ ಬರುವಾಗ ವೇಗ 5 ಕಿಲೋಮೀಟರ್ ಕಮ್ಮಿ ಇದ್ರೆ ಆ ಓಟ ಪೂರ್ತಿ ಕಮ್ಮಿ ಇದ್ದ ಹಾಗೇ. ನಮಗೆ ಹತ್ತಿರದ್ದು ಅಂದ್ರೆ ಚೆನ್ನೈ ಪಕ್ಕ ಇರುಂಗಾಟ್ಟುಕೋಟೈ. 1990ರಲ್ಲಿ ಶುರು, 3.7 ಕಿಲೋಮೀಟರ್, 12 ತಿರುವು. ಅದಕ್ಕೂ ಮುಂಚೆ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿ ಮೇಲೆ ಓಡಿಸ್ತಿದ್ರು. ಕೊಯಮತ್ತೂರಲ್ಲಿ ಕರಿ ಟ್ರ್ಯಾಕು, ರೇಸ್ ಡ್ರೈವರ್ ಕರಿವರ್ಧನ್ ಹೆಸರಲ್ಲಿ.

ಮಾಮ: ಕರ್ನಾಟಕದಾಗ?

ಅಳಿಯ: ಇಷ್ಟು ದೊಡ್ಡದು ಇಲ್ಲ. ಬೆಂಗಳೂರಲ್ಲಿ ಮಕ್ಕಳು ಗೋ-ಕಾರ್ಟ್ ಓಡಿಸೋ ಸಣ್ಣ ಟ್ರ್ಯಾಕುಗಳಿವೆ.

ಮಾಮ: ನಮ್ಮ ಓಟಕ್ಕ ತಿರುವೇ ಇಲ್ಲಲ್ಲ. ಕರಾವಳಿ ಕಂಬಳ ನೆಟ್ಟಗ. ನಮ್ಮ ಕಡಿ ಎತ್ತಿನ ಬಂಡಿ ಓಡಿಸಿದ್ರೂ ನೆಟ್ಟಗ. ಕುದುರಿ ರೇಸ್ ಒಂದು ಬಿಟ್ರ ಹೊರಳೋ ಆಟ ನಮ್ಮೋರಿಗೆ ಗೊತ್ತಿಲ್ಲ.

ಅಳಿಯ: ಗೊತ್ತಿಲ್ಲದವರು ಅಂತ ಹೇಳೋ ಹಾಗಿಲ್ಲ. ಬೆಂಗಳೂರಿನ ಕುಶ್ ಮೈನಿ 2025ರ ಮೇ 24ಕ್ಕೆ ಮೊನಾಕೋದಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ರೇಸ್ ಗೆದ್ದ. ಅಲ್ಲಿ ಆ ರೇಸ್ ಗೆದ್ದ ಮೊದಲ ಭಾರತೀಯ ಅವನೇ. ಮೊನಾಕೋ ಅಂದ್ರೆ ಊರ ಬೀದೀನೇ ಟ್ರ್ಯಾಕು, 3.3 ಕಿಲೋಮೀಟರ್, ಎರಡೂ ಕಡೆ ಕಬ್ಬಿಣದ ಬೇಲಿ. ಅಲ್ಲಿ ಒಂದು ಹೋಟೆಲಿನ ಮುಂದೆ ಇರೋ ಹೇರ್‌ಪಿನ್ನು ಫಾರ್ಮುಲಾ ಒನ್ನಲ್ಲೇ ಅತಿ ನಿಧಾನದ ತಿರುವು. 50ಕ್ಕಿಂತ ಕಮ್ಮಿ ವೇಗ. ಸ್ಟೇರಿಂಗ್ ಪೂರ್ತಿ ತಿರುಗಿದ್ರೂ ಸಾಲದು ಅಂತ ಆ ಒಂದು ಊರಿಗೇ ಮುಂದಿನ ಗಾಲಿ ಜಾಸ್ತಿ ಹೊರಳೋ ಹಾಗೆ ಕಾರನ್ನ ಬೇರೆ ಮಾಡಿಸ್ತಾರೆ. ಕುಶ್‌ನ ಅಣ್ಣ ಅರ್ಜುನ್ ಮೈನಿ ಜರ್ಮನಿಯ ಡಿಟಿಎಂ ರೇಸಲ್ಲಿ ಓಡಿಸ್ತಾನೆ. ಇನ್ನು ಟ್ರ್ಯಾಕ್ ಬಿಟ್ಟು ಮರಳುಗಾಡಿಗೆ ಹೋದ್ರೆ ಬೆಂಗಳೂರಿನ ಸಿ. ಎಸ್. ಸಂತೋಷ್, 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದಳು.

ಮಾಮ: ಹೊಟ್ಟಿ ತುಂಬಿದೋರ ಆಟ ಅದು.

ಅಳಿಯ: ದುಡ್ಡು ಬೇಕು ಅನ್ನೋದು ಸುಳ್ಳಲ್ಲ. ಹಾಗಂತ ನಮ್ಮ ಹುಡುಗರು ಸುಮ್ಮನೆ ಕೂತಿದಾರಾ? ರಾತ್ರಿ ಈ ಸಿರುಗುಪ್ಪ ರಸ್ತೇಲಿ ಬೈಕ್ ಹಾರಿಸೋರನ್ನ ನೀವೇ ನೋಡ್ತೀರಿ.

ಮಾಮ: ನೋಡ್ತೀನಿ, ಬೈತೀನಿ. ಅವರು ಕೇಳಲ್ಲ. ನೆಟ್ಟನ ರಸ್ತೆ, ಎರಡೂ ಕಡೆ ಗದ್ದಿ, ಕಣ್ಣು ಹಾಯೋ ತನಕ ಏನೂ ಇಲ್ಲ. 80ರಾಗ ಹದಿನೈದು ನಿಮಿಷ ಓಡಿಸಿದ್ರ 80 ಅನ್ನೋದು 40 ಇದ್ದಂಗ ಅನಸ್ತೈತಿ. ಅಷ್ಟರಾಗ ಕಾಲುವಿ ಬರ್ತೈತಿ, ಸೇತುವಿಗೆ ರಸ್ತೆ ಗಕ್ಕನ ಹೊರಳತೈತಿ. ಕಾಲು ತೆಗೆದು ನಿಧಾನ ಮಾಡೀನಿ ಅನ್ಕೊಂಡಿರ್ತಾನ, ಮೀಟರ್ ನೋಡಿದ್ರ 60.

ಅಳಿಯ: ಅದಕ್ಕೇ ರೇಸಿನವರು ಅಂದಾಜು ನಂಬಲ್ಲ. ಟ್ರ್ಯಾಕ್ ಪಕ್ಕ 150, 100, 50 ಮೀಟರ್ ಅಂತ ಫಲಕ ಇರುತ್ತೆ. 100ರ ಫಲಕಕ್ಕೆ ಬ್ರೇಕ್ ಅಂದ್ರೆ 100ಕ್ಕೇ.

ಮಾಮ: ನಮ್ಮಲ್ಲಿ ಫಲಕ ಇರ್ತೈತಿ, ಅದರ ಮ್ಯಾಲ ಹುಟ್ಟುಹಬ್ಬದ ಬ್ಯಾನರು. ಅಲ್ಲಿ ನೋಡು, ನಿಧಾನ ಮಾಡು. ರಸ್ತೆ ಮ್ಯಾಲ ಭತ್ತ.

(ತೆಕ್ಕಲಕೋಟೆ ದಾಟಿದ ಮೇಲೆ ಕಂಡದ್ದು ಇದು. ಡಾಂಬರಿನ ಎಡ ಅರ್ಧಕ್ಕೆ ಉದ್ದಕ್ಕೂ ಭತ್ತ ಹರವಿದೆ. ಅಂಚಿಗೆ ತಲೆಯಷ್ಟು ಗಾತ್ರದ ಕಲ್ಲು, ನಡುನಡುವೆ ಮುಳ್ಳುಕಂಟಿ. ಹೆಂಗಸೊಬ್ಬರು ಕಾಲಿನಲ್ಲಿ ಸಾಲು ಎಳೆಯುತ್ತ ಭತ್ತ ತಿರುವಿ ಹಾಕುತ್ತಿದ್ದಾರೆ. ಹರವಿದ್ದು ತಿರುವಿನ ಒಳಗೂ ಮುಂದುವರಿದಿದೆ.)

ಅಳಿಯ: ಇದನ್ನ ರೇಸಿನವರು ನೋಡಿದ್ರೆ ಹೆದರಿಬಿಡ್ತಾರೆ. ಟಯರ್ ಸವೆದಾಗ ರಬ್ಬರು ಸಣ್ಣ ಉಂಡೆ ಉಂಡೆಯಾಗಿ ಉದುರಿ, ಎಲ್ಲರೂ ಓಡಿಸೋ ದಾರಿಯ ಹೊರಗಡೆ ಬಿದ್ದಿರುತ್ತೆ. ಅದಕ್ಕೆ ಅವರು ಗೋಲಿ ಅಂತಲೇ ಹೇಳ್ತಾರೆ. ಅದರ ಮೇಲೆ ಗಾಲಿ ಹೋದ್ರೆ ಹಿಡಿತ ಹೋಯ್ತು. ಎಂಥ ಚಾಂಪಿಯನ್ನೂ ತಿರುವಲ್ಲಿ ಆ ಕಡೆ ಸರಿಯೋಕೆ ಹೆದರ್ತಾನೆ.

ಮಾಮ: ಭತ್ತದ ಕಾಳೂ ಹಂಗ ಉರುಳತೈತಿ. ಮುಂದಿನ ಗಾಲಿ ಹತ್ತಿದ್ರ ಬೈಕು ಕೆಳಗ, ಮೈ ಕಲ್ಲಿನ ಮ್ಯಾಲ. ಹಗಲು ಕಾಣತೈತಿ. ರಾತ್ರಿ ಭತ್ತ ತುಂಬಿಕೊಂಡು ಹೋಗಿರ್ತಾರ, ಕಲ್ಲು ಅಲ್ಲೇ. ಲೈಟಿಗೆ ಆ ಕಲ್ಲು ಕಾಣೋದು ಹತ್ತಿರ ಬಂದ ಮ್ಯಾಲ.

ಅಳಿಯ: ರೈತರಿಗೆ ಕಣ ಇಲ್ಲ, ಏನು ಮಾಡ್ತಾರೆ?

ಮಾಮ: ಅದೂ ಖರೇ. ಎರಿಭೂಮಿ, ನೆಲ ಆರಲ್ಲ. ಗಿರಣಿಯವ ಹಸಿ ಭತ್ತಕ್ಕ ರೇಟ್ ಕತ್ತರಸ್ತಾನ. ಡಾಂಬರಿಗಿಂತ ಬೇಗ ಒಣಗಿಸೋ ಜಾಗ ಇಲ್ಲ. ಕಣ ಕಟ್ಟಿಸಿಕೊಡಬೇಕಾದ್ದು ಸರ್ಕಾರ, ಬೈಸಿಕೊಳ್ಳೋದು ರೈತ. ನಾನೂ ಗಿರಣಿಗೆ ಗಾಡಿ ಬಿಟ್ಟೋನು, ರೈತಗ ರಸ್ತೆ ಬಿಡು ಅಂತ ಹೆಂಗ ಹೇಳಲಿ?

ಅಳಿಯ: ಹಾಗಾದ್ರೆ ನಿಮ್ಮ ಲೆಕ್ಕದಲ್ಲಿ ಕಷ್ಟದ ತಿರುವು ಯಾವುದು? ಅರಬೈಲೋ, ಇದೋ?

ಮಾಮ: ಗಾಡಿ ಹಿಡಿಯೋ ವಿದ್ಯೆಗೆ ಅರಬೈಲು. ನಿನ್ನ ಓ ರೂಜನ್ನೂ ಅದರ ಪಕ್ಕ ಕೂಡಿಸ್ತೀನಿ, ತಗೋ. ಆದ್ರ ಅಲ್ಲಿಗೆ ಹೋಗೋನು ಕಷ್ಟ ಐತಿ ಅಂತ ತಿಳಕೊಂಡೇ ಹೋಗ್ತಾನ. ಈ ಭತ್ತದ ತಿರುವಿಗೆ ಯಾವ ವಿದ್ಯೆನೂ ನಡಿಯಲ್ಲ. ನೀನು ಈ ಮಾತೆಲ್ಲ ಬರೀತೀಯಲ್ಲ, ಇದನ್ನೂ ಹಾಕು. ಬೈಕ್ ಓಡಿಸೋ ಹುಮ್ಮಸ್ಸು ಇರೋ ಹುಡುಗರು ದುಡ್ಡು ಕೂಡಿಸಿ ಒಂದು ಸಲ ಆ ಚೆನ್ನೈ ಟ್ರ್ಯಾಕಿಗೆ ಹೋಗಿ ಕಲಿತು ಬರಲಿ, ಕಲಿಸೋರು ಇದಾರಲ್ಲ?

ಅಳಿಯ: ಇದಾರೆ. ಬೈಕಿಗೂ ಕಲಿಸ್ತಾರೆ, ಕಾರಿಗೂ ಕಲಿಸ್ತಾರೆ.

ಮಾಮ: ಹಾಂ. ಮತ್ತ ಭತ್ತ ಒಣಗಿಸೋ ಅಣ್ಣಂದಿರು, ಅಕ್ಕಂದಿರಿಗೆ ಎರಡೇ ಮಾತು. ನೆಟ್ಟನ ರಸ್ತೆ ಬೇಕಾದಷ್ಟು ಐತಿ, ಅಲ್ಲಿ ಹರವಿಕೊಳ್ರಿ, ತಿರುವಿನ್ಯಾಗ ಮಾತ್ರ ಬ್ಯಾಡ್ರಿ. ಸಂಜಿಗೆ ಭತ್ತ ಚೀಲಕ್ಕ ತುಂಬಿದ ಮ್ಯಾಲ ಕಲ್ಲೂ ತೆಗೆದು ಗದ್ದಿ ಕಡಿ ಒಗೀರಿ.